ಈ ಸಲ ತವರಿಗೆ ಬರಬೇಡ

ಹೊಳೆಮಲ್ಲಾಪುರ,
೧೬ ಸೆಪ್ಟೆಂಬರ್ ೨೦೨೫, ಮಂಗಳವಾರ

ಪ್ರೀತಿಯ ನಿರ್ಮಲಕ್ಕನಿಗೆ, ನಿನ್ನ ತಂಗಿ ಅಂಜಲಿಯ ನಮಸ್ಕಾರಗಳು.

ಪತ್ರದಲ್ಲಿ ಮೊದಲು ‘ನಾವೆಲ್ಲ ಕ್ಷೇಮ’ ಎಂದು ಬರೆಯಬೇಕು ಅಂತ ನನಗೆ ಕಲಿಸಿದವಳು ನೀನೇ. ಇವತ್ತು ಆ ಸಾಲು ಬರೆಯಲು ಕೈ ಏಳುತ್ತಿಲ್ಲ. ಅದರ ಜಾಗದಲ್ಲಿ ಬೇರೆ ಸಾಲು ಬರೆಯುತ್ತೇನೆ, ಸಿಟ್ಟಾಗಬೇಡ. ಬರುವ ಭಾನುವಾರದ ಮಾನಾಮಿ ಅಮಾಸಿ ಕಳೆದ ಮೇಲೆ ನಿನ್ನನ್ನು ಬಾಣಂತನಕ್ಕೆ ಕರೆದುಕೊಂಡು ಬರಲು ಅವ್ವ ಬ್ಯಾಡಗಿಗೆ ಬರುತ್ತಾಳೆ. ನೀನು ಅವಳ ಜೊತೆ ಬರಬೇಡ. ಅವ್ವ ಅತ್ತರೂ ಬರಬೇಡ, ಅಪ್ಪ ಫೋನು ಮಾಡಿ ಕರೆದರೂ ಬರಬೇಡ. ಹೊಟ್ಟೆಯಲ್ಲಿ ಕೂಸು ಇರುವ ತನಕ ಈ ಊರಿನ ನೀರು ನಿನ್ನ ಬಾಯಿಗೆ ಹೋಗಕೂಡದು.

ಫೋನಿನಲ್ಲಿ ಹೇಳಲು ನೋಡಿದೆ. ನಮ್ಮ ಮನೆಯ ಫೋನು ಈಗ ಯಾವಾಗಲೂ ಅವ್ವನ ಹತ್ತಿರವೇ ಇರುತ್ತದೆ. ಹೋದ ವಾರ ‘ಅಕ್ಕಾ, ಇಲ್ಲಿ ನೀರು ಕೆಟ್ಟೈತಿ’ ಎನ್ನುವಷ್ಟರಲ್ಲಿ ಅವಳು ಅದನ್ನು ಕಸಿದುಕೊಂಡಳು. ಆ ಕಡೆ ನೀನು ನಕ್ಕಿದ್ದು ನನಗೆ ಕೇಳಿಸಿತು. ಹುಟ್ಟಿದಾಗಿನಿಂದ ಅದೇ ನೀರು ಕುಡಿದು ಬೆಳೆದಿಲ್ಲವೇನು ಎಂದು ನೀನು ಅವ್ವನಿಗೆ ಹೇಳುತ್ತಿದ್ದೆ. ಮರುದಿನ ನಮ್ಮ ಟೀಚರ್ ಫೋನಿನಿಂದ ಯುವರಾಜ ಭಾವನ ಕೂಡ ಮಾತಾಡಿದೆ. ಮೆಣಸಿನಕಾಯಿ ಪೇಟೆಯ ಗದ್ದಲದಲ್ಲಿ ಅವರಿಗೆ ಅರ್ಧ ಕೇಳಿಸಿತೋ ಇಲ್ಲವೋ, ಆಗಲಿ ನೋಡೋಣ ಎಂದು ಇಟ್ಟರು. ಸಂಜೆ ಅವ್ವನಿಗೆ ಫೋನು ಮಾಡಿ, ನಿಮ್ಮ ಸಣ್ಣ ಮಗಳು ಏನೋ ಹೆದರಿಕೊಂಡಿದ್ದಾಳೆ ಎಂದು ಹೇಳಿದರು. ಅವ್ವ ಎರಡು ದಿನ ನನ್ನ ಕೂಡ ಮಾತಾಡಲಿಲ್ಲ. ಅದಕ್ಕೇ ಈ ಪತ್ರ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ವಿಜ್ಞಾನದ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನೀನು ಓದಿ ಮುಗಿಸುವ ತನಕ ನಗಬೇಡ ಅಕ್ಕಾ, ಅಷ್ಟು ಮಾಡು.

ಮೊದಲಿನಿಂದ ಹೇಳುತ್ತೇನೆ.

ನಿನ್ನ ಮದುವೆಯಾದ ಮೇಲೆ ನಮ್ಮ ಶಾಲೆಗೆ ಸುಧಾರಾಣಿ ಎಂಬ ವಿಜ್ಞಾನದ ಟೀಚರ್ ಬಂದರು. ದಿನವೂ ಹಾವೇರಿಯಿಂದ ಗುತ್ತಲದ ಬಸ್ಸು ಹಿಡಿದು ಬರುತ್ತಾರೆ. ಜುಲೈ ತಿಂಗಳಲ್ಲಿ ಅವರು ಒಂದು ನೀಲಿ ಡಬ್ಬಿ ತಂದರು. ಹೈಸ್ಕೂಲು ಮಕ್ಕಳು ತಮ್ಮ ಊರಿನ ಕುಡಿಯುವ ನೀರನ್ನು ತಾವೇ ಪರೀಕ್ಷೆ ಮಾಡಬೇಕು, ಪ್ರತಿ ವಾರ ಪಂಚಾಯ್ತಿಗೆ ತಿಳಿಸಬೇಕು ಎಂಬ ಯೋಜನೆ. ಹತ್ತನೆಯ ತರಗತಿಯಿಂದ ಐದು ಜನರನ್ನು ಆರಿಸಿದರು. ನನ್ನ ಹೆಸರು ಮೊದಲು ಕೂಗಿದರು. ಊರಿಗೆ ನೀರು ಬಿಡುವವನ ಮಗಳಿಗೆ ಪೈಪು ಎಲ್ಲೆಲ್ಲಿ ಹಾದಿದೆ ಎಂದು ಗೊತ್ತಿರುತ್ತದೆ ಎಂದರು.

ಅಪ್ಪನಿಗೆ ಅವತ್ತು ಆದ ಸಂತೋಷ ನೀನು ನೋಡಬೇಕಿತ್ತು. ಪಂಚಾಯ್ತಿಯಲ್ಲಿ ಅವನನ್ನು ಯಾರೂ ಕುಳಿತುಕೋ ಎನ್ನುವುದಿಲ್ಲ, ನೀರು ಬರದಿದ್ದ ದಿನ ಮಾತ್ರ ಅವನ ಹೆಸರು ಎಲ್ಲರ ಬಾಯಲ್ಲಿ. ನಮ್ಮ ಟೀಚರ್ ಅವನನ್ನು ‘ಭರಮಣ್ಣಾರ’ ಎಂದು ಕರೆದು ಕುರ್ಚಿ ಕೊಟ್ಟರು. ಅಪ್ಪ ನಮ್ಮನ್ನೆಲ್ಲ ಹೊಳೆಯ ದಂಡೆಗೆ ಕರೆದುಕೊಂಡು ಹೋಗಿ ನೀರು ಎತ್ತುವ ಬಾವಿ ತೋರಿಸಿದ. ಟಾಕಿಯ ಮೆಟ್ಟಿಲು ಹತ್ತಿಸಿದ. ಬ್ಲೀಚಿಂಗ್ ಪುಡಿ ಎಷ್ಟು, ಯಾವಾಗ ಹಾಕುತ್ತೇನೆ ಎಂದು ವಿವರಿಸಿದ. ಕೆಳಗಿಳಿದು ಕಡ್ಡಿಯಿಂದ ನೆಲದ ಮೇಲೆ ಊರಿನ ಪೈಪುಗಳನ್ನೆಲ್ಲ ಬರೆದು ತೋರಿಸಿದ. ನಮ್ಮ ಓಣಿಗೆ ಬರುವ ಗೆರೆ ಎಳೆಯುವಾಗ ಮಾತ್ರ ಸ್ವಲ್ಪ ಅವಸರ ಮಾಡಿದ. ನಾನು ಆಗ ಅದನ್ನು ಗಮನಿಸಲಿಲ್ಲ.

ಪರೀಕ್ಷೆ ಕಷ್ಟದ್ದೇನಲ್ಲ. ಒಂದು ನಳಿಗೆಯಲ್ಲಿ ನೀರು ಹಿಡಿದು ಔಷಧದ ಹನಿ ಹಾಕಿದರೆ ಹಳದಿ ಬಣ್ಣ ಬರಬೇಕು. ಬಂದರೆ ಬ್ಲೀಚಿಂಗ್ ಪುಡಿ ಸಾಕಷ್ಟು ಇದೆ ಎಂದು ಅರ್ಥ. ಇನ್ನೊಂದು, ತಳದಲ್ಲಿ ಔಷಧ ಇರುವ ಸಣ್ಣ ಬಾಟಲಿ. ಅದರಲ್ಲಿ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಇಟ್ಟುಬಿಡಬೇಕು. ಒಂದೆರಡು ದಿನದಲ್ಲಿ ನೀರು ಕಪ್ಪಾದರೆ ಅದರಲ್ಲಿ ಹೊಲಸು ಸೇರಿದೆ ಎಂದು ಅರ್ಥ. ಹೊಲಸು ಅಂದರೆ ಮಣ್ಣು ರಾಡಿ ಅಲ್ಲ ಅಕ್ಕಾ. ಪಾಯಖಾನೆಯ ಹೊಲಸು.

ಟಾಕಿಯ ನೀರು ಕಪ್ಪಾಗಲಿಲ್ಲ. ಮೇಲಿನ ಓಣಿಯ ನಳದ್ದೂ ಆಗಲಿಲ್ಲ. ನಮ್ಮ ಓಣಿಯ ಬಾಟಲಿ ಮರುದಿನ ಬೆಳಿಗ್ಗೆ ನೋಡಿದರೆ ಇದ್ದಿಲ ಹಾಗೆ ಆಗಿತ್ತು. ನಮ್ಮ ಕೈಯೇ ಹೊಲಸಾಗಿತ್ತೇನೋ ಎಂದು ಸಾಬೂನು ಹಚ್ಚಿ ತೊಳೆದುಕೊಂಡು ಮತ್ತೆ ಹಿಡಿದೆವು. ಮತ್ತೆ ಅದೇ ಕಪ್ಪು. ಪಂಚಾಯ್ತಿ ಸದಸ್ಯ ಲಕ್ಷ್ಮಪ್ಪನ ಮಗ ಚನ್ನೇಶ ನಮ್ಮ ತಂಡದಲ್ಲಿದ್ದ. ಪೈಪಿನ ಗುಂಟ ಹೋಗಿ ಪ್ರತಿ ನಳದ ನೀರು ಹಿಡಿಯೋಣ, ಎಲ್ಲಿಂದ ಕಪ್ಪಾಗುತ್ತದೆ ಎಂದು ಗೊತ್ತಾಗುತ್ತದೆ ಎಂದವನು ಅವನೇ. ಹಾಗೇ ಮಾಡಿದೆವು. ಸಂತೆಬಯಲಿನ ಮೋರಿಯ ತನಕ ಎಲ್ಲ ಬಾಟಲಿ ಸ್ವಚ್ಛ. ಮೋರಿ ದಾಟಿದ ಮೇಲೆ ಎಲ್ಲವೂ ಕಪ್ಪು. ಆ ಮೋರಿಯ ಕೆಳಗೆ ನಮ್ಮ ಪೈಪು ಗಟಾರದೊಳಗೇ ಹಾದಿದೆ.

ಅಷ್ಟು ಖುಷಿಯಿಂದ ನಾನು ಎಂದೂ ಓಡಿರಲಿಲ್ಲ. ಊರಲ್ಲಿ ದೊಡ್ಡವರಿಗೆ ಗೊತ್ತಿಲ್ಲದ್ದನ್ನು ನಾವು ಕಂಡುಹಿಡಿದಿದ್ದೆವು. ಅಪ್ಪ ರೊಟ್ಟಿ ತಿನ್ನುತ್ತಿದ್ದ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಮೋರಿ ಎಂಬ ಮಾತು ಬರುತ್ತಲೇ ಅವನ ಕೈ ನಿಂತಿತು. ತುತ್ತನ್ನು ತಾಟಿನಲ್ಲಿ ಬಿಟ್ಟು, ಇದನ್ನು ಯಾರ ಮುಂದೆಯೂ ಹೇಳಬೇಡ ಎಂದು ಕೈ ತೊಳೆದು ಎದ್ದು ಹೋದ.

ಮರುದಿನ ಅವ್ವ ನನ್ನನ್ನು ಅಡುಗೆಮನೆಗೆ ಕರೆದು ವಿಷಯ ಹೇಳಿದಳು. ಹೋದ ವರ್ಷ ಮಳೆಗಾಲದಲ್ಲಿ ಆ ಮೋರಿಯ ಕೆಳಗೆ ಪೈಪು ಸೀಳಿತ್ತಂತೆ. ಹೊಸ ತುಂಡು ಕೊಡಿಸಿರಿ ಎಂದು ಅಪ್ಪ ಪಂಚಾಯ್ತಿಗೆ ಸಾಕಾಗುವಷ್ಟು ಸಲ ಅಡ್ಡಾಡಿದ. ಮುಂದೆ ನೋಡೋಣ ಎಂದರು. ಜನ ನೀರಿಗಾಗಿ ಬಾಯಿ ಮಾಡುತ್ತಿದ್ದರು. ಕಡೆಗೆ ಗಟಾರದಲ್ಲಿ ಇಳಿದು, ಹಳೆಯ ಟ್ರ್ಯಾಕ್ಟರ್ ಟ್ಯೂಬು ಕತ್ತರಿಸಿ ಸುತ್ತಿ, ತಂತಿ ಬಿಗಿದು ಬಂದ. ನೀರು ಬಿಟ್ಟಾಗ ಅಲ್ಲಿ ಸೋರುವುದಿಲ್ಲ. ನೀರು ನಿಲ್ಲಿಸಿದಾಗ ಮಾತ್ರ ಖಾಲಿ ಪೈಪು ಗಟಾರದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. “ನಿನ್ನ ಬಾಟಲಿ ಯಾರಿಗೆ ಬೊಟ್ಟು ಮಾಡಿ ತೋರಿಸ್ತೈತಿ ಅಂತ ಈಗರೆ ತಿಳೀತೇನು?” ಎಂದಳು ಅವ್ವ. ಅವಳ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಅಪ್ಪನದು ಖಾಯಂ ನೌಕರಿಯಲ್ಲ. ಪಂಚಾಯ್ತಿಯವರು ನಾಳೆಯಿಂದ ಬರಬೇಡ ಎಂದರೆ ಮುಗಿಯಿತು.

ಅವತ್ತು ನಾನು ಬಹಳ ಅತ್ತೆ. ಆದರೆ ಬಾಟಲಿಗಳನ್ನು ಟೀಚರ್ ಆಗಲೇ ನೋಡಿದ್ದರು. ಅವರು ಮಕ್ಕಳ ಕೈಯಲ್ಲೇ ವರದಿ ಬರೆಸಿ ಪಂಚಾಯ್ತಿಗೆ ಕೊಟ್ಟರು. ಟ್ಯೂಬಿನ ವಿಷಯ ನಾನು ಅವರಿಗೂ ಹೇಳಲಿಲ್ಲ. ಮೋರಿಯ ಹತ್ತಿರ ಪೈಪು ತೆಗೆದು ನೋಡಬೇಕು ಎಂದಷ್ಟೇ ಬರೆದೆವು. ಕೆಲವು ದಿನಗಳ ಮೇಲೆ ಯಾರೋ ಬಂದು ನೀರು ತೆಗೆದುಕೊಂಡು ಹೋದರು. ಎಲ್ಲಿಂದ ತೆಗೆದರು ಗೊತ್ತೇ? ಟಾಕಿಯಿಂದ. ಟಾಕಿಯ ನೀರು ಒಳ್ಳೆಯದೇ ಎಂದು ನಾವೂ ಬರೆದಿದ್ದೆವು. ನೀರು ಕುಡಿಯಲು ಯೋಗ್ಯ ಎಂದು ಕಾಗದ ಬಂತು.

ಆಗಸ್ಟಿನಲ್ಲಿ ದುರ್ಗವ್ವನ ಗುಡಿಯ ಮುಂದೆ ಗ್ರಾಮಸಭೆ ಆಯಿತು. ನಮ್ಮ ಐದೂ ಮಂದಿಯನ್ನು ಎದುರಿಗೆ ನಿಲ್ಲಿಸಿದರು. ಲಕ್ಷ್ಮಪ್ಪ ಆ ಕಾಗದ ಓದಿ ಮುಗಿಸಿ, ಬಾಟಲಿಗೆ ನೀರು ಯಾರು ತುಂಬಿದರು, ಯಾರ ಮನೆಯಲ್ಲಿ ಇಟ್ಟಿದ್ದಿರಿ ಎಂದು ತನ್ನ ಮಗನನ್ನೇ ಕೇಳಿದ. ಚನ್ನೇಶ ನೆಲ ನೋಡುತ್ತಾ, ಬಾಟಲಿಗಳು ಅಂಜಲಿಯ ಹತ್ತಿರ ಇದ್ದವು, ತಾನು ನೋಡಿಲ್ಲ ಎಂದ. ಶಾಲೆಯ ಬೀರುವಿನಲ್ಲಿ ಇಡುವಾಗ ಬಾಗಿಲು ಹಿಡಿದುಕೊಂಡವನು ಅವನೇ. ಆಮೇಲೆ ಲಕ್ಷ್ಮಪ್ಪ ಅಪ್ಪನ ಕಡೆ ತಿರುಗಿದ.

“ಭರಮಣ್ಣ, ನೀ ನಮಗ ಗಟಾರದ ನೀರು ಕುಡಸಾಕತ್ತೀದಿ ಅಂತ ನಿನ್ನ ಮಗಳು ಬರದು ಕೊಟ್ಟಾಳ. ಖರೇ ಏನು?”

ಅಪ್ಪ ಗುಂಪಿನ ಹಿಂದೆ ನಿಂತಿದ್ದ. ಮೋರಿಯ ಕೆಳಗೆ ಏನಿದೆ ಎಂದು ಊರಲ್ಲಿ ಕಣ್ಣಾರೆ ಕಂಡವನು ಅವನೊಬ್ಬನೇ. ಅವನು ಈಗ ಹೇಳಿಬಿಡುತ್ತಾನೆ, ಕೇಳಿದರೂ ನೀವು ಪೈಪು ಕೊಡಲಿಲ್ಲ ಎನ್ನುತ್ತಾನೆ ಎಂದು ನಾನು ಕಾದೆ. ಅವನು ನಿಧಾನಕ್ಕೆ ಗುಡಿಯ ಪಕ್ಕದ, ಮೋರಿ ದಾಟಿದ ಮೇಲಿನ ನಳಕ್ಕೆ ಹೋದ. ಯಾರದೋ ತಂಬಿಗೆ ತೆಗೆದುಕೊಂಡು ತುಂಬಿಸಿದ. ಎಲ್ಲರೂ ನೋಡುವ ಹಾಗೆ ತಲೆ ಎತ್ತಿ ಗಟಗಟ ಕುಡಿದು ಬರಿದು ಮಾಡಿದ.

“ನಾ ಬಿಟ್ಟ ನೀರು ನಾ ಕುಡದೇನಿ. ಸಣ್ಣ ಹುಡುಗಿ ಮಾತು ಮನಸಿಗೆ ಹಚ್ಚಿಕೋಬ್ಯಾಡ್ರಿ.”

ಜನ ಚಪ್ಪಾಳೆ ಹೊಡೆದರು ಅಕ್ಕಾ. ಯಾರೋ ಸಿಳ್ಳೆ ಹಾಕಿದರು. ಅಪ್ಪ ನನ್ನ ಹೆಸರು ಹೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನನಗೆ ಅವಮಾನವಾದದ್ದು ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ, ಆ ನೀರು ಅವನ ಗಂಟಲಲ್ಲಿ ಇಳಿಯುವಾಗ ಕೈ ಹಿಡಿದು ನಿಲ್ಲಿಸಲಿಲ್ಲವಲ್ಲ ಎಂದು ಈಗಲೂ ನಿದ್ದೆ ಬರುವುದಿಲ್ಲ. ಅವನಿಗೆ ಏನೂ ಆಗಲಿಲ್ಲ. ಅವನಿಗೆ ಏನೂ ಆಗಲಿಲ್ಲ ಎಂಬುದೇ ಊರಿಗೆ ದೊಡ್ಡ ಸಾಕ್ಷಿಯಾಯಿತು.

ನೀಲಿ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಟೀಚರ್‌ಗೆ, ಪಾಠ ಮಾಡಲು ಬಂದಿದ್ದೀರಿ, ಪಾಠ ಮಾಡಿರಿ ಎಂದು ಹೇಳಲಾಯಿತು. ಅವರು ಸುಮ್ಮನಾಗಲಿಲ್ಲ, ಮೇಲಿನವರಿಗೆ ಬರೆದರು. ಉತ್ತರ ಇನ್ನೂ ಬಂದಿಲ್ಲ.

ಆಮೇಲೆ ಕಾಮಣಿ ಶುರುವಾಯಿತು. ಮೊದಲು ನಮ್ಮ ಓಣಿಯ ತುದಿಯ ಮನೆಯ ಹುಡುಗನಿಗೆ ಕಣ್ಣು ಹಳದಿಯಾದವು. ಸಂತೆಯಲ್ಲಿ ಏನೋ ತಿಂದಿದ್ದಾನೆ ಎಂದರು. ಆಮೇಲೆ ಅವನ ಅಜ್ಜಿಗೆ, ಅಜ್ಜಿಯ ಮಗ್ಗುಲ ಮನೆಯವರಿಗೆ. ಒಬ್ಬರದು ಉಷ್ಣ, ಒಬ್ಬರದು ಪಿತ್ತ, ಒಬ್ಬರದು ದೃಷ್ಟಿ. ಯಾರೂ ದವಾಖಾನೆಗೆ ಹೋಗುವುದಿಲ್ಲ. ಹೊಳೆಯಾಚೆ ಬೇರಿನ ಔಷಧ ಕೊಡುವವನ ಹತ್ತಿರ ಹೋಗಿ ಮುಂಗೈಗೆ ಬರೆ ಹಾಕಿಸಿಕೊಂಡು ಬರುತ್ತಾರೆ. ಕೆಲವರು ಗುಣವಾಗಿ ಎದ್ದಿದ್ದಾರೆ ಕೂಡ, ಅದಕ್ಕೇ ನಂಬಿಕೆ ಇನ್ನೂ ಹೆಚ್ಚಾಗಿದೆ. ಮೇಲಿನ ಓಣಿಯಲ್ಲಿ ಒಬ್ಬರಿಗೂ ಬಂದಿಲ್ಲ ನೋಡಿರಿ ಎಂದು ನಾನು ಎಷ್ಟು ಜನರಿಗೆ ಹೇಳಿದೆ. ಸಭೆಯಲ್ಲಿ ಮಾನ ಹೋದರೂ ಈ ಹುಡುಗಿಗೆ ಬುದ್ಧಿ ಬಂದಿಲ್ಲ ಎನ್ನುತ್ತಾರೆ.

ಮೀನಾಕ್ಷಿಗೂ ಬಂತು. ಹೌದು, ನಿನ್ನ ಗೆಳತಿ ಮೀನಾಕ್ಷಿಗೇ. ಊರಲ್ಲೇ ಮದುವೆಯಾಗಿ ನಮ್ಮ ಮನೆಯ ಮಗ್ಗುಲಿಗೇ ಸಂಸಾರ ಹೂಡಿದಳಲ್ಲ, ನಿನಗಿಂತ ಒಂದು ತಿಂಗಳು ಮುಂದಿನ ಬಸುರಿ. ಇಬ್ಬರ ಕೂಸುಗಳನ್ನೂ ಒಟ್ಟಿಗೆ ಗಳಗನಾಥಕ್ಕೆ ಒಯ್ದು ಎರಡು ಹೊಳೆ ಕೂಡುವಲ್ಲಿ ಕಾಲು ತೋಯಿಸಿಕೊಂಡು ಬರೋಣ ಎಂದು ನೀವು ಫೋನಿನಲ್ಲಿ ಮಾತಾಡಿಕೊಂಡದ್ದನ್ನು ನನಗೆ ಹೇಳಿ ನಗುತ್ತಿದ್ದಳು. ಶುರುವಿಗೆ ವಾಂತಿಯಾದಾಗ ಬಸುರಿಗೆ ಇದ್ದದ್ದೇ ಎಂದರು. ನಾನು ಒಂದು ದಿನ ನಳದ ಹತ್ತಿರ ಕೊಡ ಎತ್ತಿ ಕೊಡುವಾಗ ಅವಳ ಕಣ್ಣು ನೋಡಿದೆ. ಅವಳ ಅತ್ತೆಗೆ ಹೇಳಿದೆ. ಬಸುರಿಯ ಮುಖ ಹಾಗೇ ಇರುತ್ತದೆ, ನೀನು ಡಾಕ್ಟರ್ ಆದಾಗ ಹೇಳುವೆಯಂತೆ ಎಂದರು. ಬೇರಿನ ಔಷಧ ಕುಡಿಸಿದರು, ಬರೆ ಹಾಕಿಸಿದರು. ಕಡೆಗೆ ಅವಳು ಎದುರು ಕುಳಿತವರ ಗುರುತು ಹಿಡಿಯದೆ ಏನೇನೋ ಮಾತಾಡತೊಡಗಿದಾಗ ಹಾವೇರಿಗೆ ಒಯ್ದರು. ಆಸ್ಪತ್ರೆಯಲ್ಲಿದ್ದಾಳೆ. ಗಾಡಿ ಹತ್ತಿಸುವಾಗ ನಡುವೆ ಒಮ್ಮೆ ಎಚ್ಚರಾಗಿ ನನ್ನ ಕೈ ಹಿಡಿದು, ನಿಮ್ಮಕ್ಕ ಎಂದು ಬರುತ್ತಾಳೆ ಎಂದು ಕೇಳಿದಳು. ಅಮಾಸಿ ಆದಮೇಲೆ ಎಂದೆ. ಹೆಚ್ಚಿಗೆ ಏನೂ ಬರೆಯುವುದಿಲ್ಲ. ಡಾಕ್ಟರರು ನೋಡುತ್ತಿದ್ದಾರೆ.

ಟೀಚರ್ ಹಾವೇರಿಯಲ್ಲೇ ಇರುವುದರಿಂದ ಆಸ್ಪತ್ರೆಗೆ ಹೋಗಿ ಡಾಕ್ಟರರನ್ನು ಕೇಳಿಕೊಂಡು ಬಂದರು. ಕೆಟ್ಟ ನೀರಿನಿಂದ ಬರುವ ಈ ಕಾಮಣಿ ಬೇರೆಯವರನ್ನು ಕೆಲವು ವಾರ ಮಲಗಿಸಿ ಬಿಟ್ಟು ಹೋಗುತ್ತದೆ, ದಿನ ತುಂಬುತ್ತಿರುವ ಬಸುರಿಗೆ ಬಂದರೆ ಮಾತ್ರ ತಾಯಿಗೂ ಕೂಸಿಗೂ ಅಪಾಯ ಎಂದು ಅವರು ಹೇಳಿದರಂತೆ. ಅದನ್ನು ನಾನು ಅವ್ವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವ್ವ ಅಳುತ್ತಾಳೆ, ಆದರೂ ನಿನ್ನನ್ನು ಕರೆತರುವುದು ಬಿಡುವುದಿಲ್ಲ. ನೀರು ಕಾಯಿಸಿ ಕೊಡುತ್ತೇನೆ ಎನ್ನುತ್ತಾಳೆ.

ಕಾಯಿಸಿದರೆ ಸಾಕಲ್ಲವೇ ಎಂದು ನೀನೂ ಕೇಳುತ್ತೀ. ಕುದಿಸಿದ ನೀರಾದರೆ ನಿಜವಾಗಿಯೂ ಭಯವಿಲ್ಲ. ಆದರೆ ನಮ್ಮ ಮನೆ ನಿನಗೆ ಗೊತ್ತು. ನೀನು ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸುವುದು ನಳದ ನೀರಿನಲ್ಲಿ. ಮಜ್ಜಿಗೆಗೆ ಬೆರೆಸುವುದು ಅದೇ, ಸೌತೆಕಾಯಿ ತೊಳೆಯುವುದು ಅದೇ. ಕುಬಸದ ಉಡಿ ತುಂಬಲು ಬಂದ ಹೆಂಗಸರು ನಿನಗೆ ಪ್ರೀತಿಯಿಂದ ಪಾನಕ ಮಾಡಿ ತರುತ್ತಾರೆ, ಒಬ್ಬೊಬ್ಬರನ್ನೂ ಎಲ್ಲಿಯ ನೀರು ಎಂದು ಕೇಳುತ್ತೀಯಾ? ಅವ್ವ ಎರಡು ದಿನ ಕಾಯಿಸಿದಳು. ಮೂರನೆಯ ದಿನ ಲಕ್ಷ್ಮಪ್ಪನ ಹೆಂಡತಿ ಬಂದು ಒಲೆಯ ಮೇಲಿನ ಪಾತ್ರೆ ನೋಡಿ, ನಿಮ್ಮ ಮನೆಯಲ್ಲೂ ಕಾಯಿಸುತ್ತೀರಾ ಎಂದು ಕೇಳಿ ಹೋದಳು. ಅವತ್ತಿಗೇ ನಿಂತಿತು.

ಅಕ್ಬರಬಿ ಅಜ್ಜಿಯ ಹಿತ್ತಲಲ್ಲಿ ಒಂದು ಬೋರು ಇದೆಯಲ್ಲ. ಅದರ ನೀರನ್ನು ಜುಲೈನಲ್ಲೇ ಪರೀಕ್ಷೆ ಮಾಡಿದ್ದೆವು, ಬಾಟಲಿ ಕಪ್ಪಾಗಿರಲಿಲ್ಲ. ಸಭೆಯಾದ ಮೇಲೆ ನನ್ನ ಮಾತು ನಂಬಿದವಳು ಅವಳೊಬ್ಬಳೇ. ನಿಮ್ಮಕ್ಕ ಬಂದರೆ ದಿನಾ ಇಲ್ಲಿಂದ ಒಯ್ಯಿ ಎಂದಳು. ನಾನು ಒಂದು ಕೊಡ ತಂದೆ. ಅವ್ವ ಅದನ್ನು ಅಂಗಳದಲ್ಲಿ ಚೆಲ್ಲಿಬಿಟ್ಟಳು. “ನೀರು ಬಿಡಾಂವನ ಮನಿಯವರಽ ಬ್ಯಾರೆ ಕಡೆ ನೀರು ತರ್ತಾರ ಅಂದ್ರ ನಿಮ್ಮಪ್ಪ ಊರಾಗ ತಲಿ ಎತ್ತಿ ತಿರಗಬೇಕೋ ಬ್ಯಾಡೋ?” ಎಂದಳು. ಚೆಲ್ಲಿದ ಮೇಲೆ ಅಲ್ಲೇ ಬಾಗಿಲಿಗೆ ಒರಗಿ ಕುಳಿತುಬಿಟ್ಟಳು. ಅವಳಿಗೆ ಎಲ್ಲ ಗೊತ್ತು ಅಕ್ಕಾ. ಗೊತ್ತಿದ್ದೂ, ನಿನ್ನನ್ನು ತರದಿದ್ದರೆ ನೀರು ಕೆಟ್ಟಿದೆ ಎಂದು ತಾನೇ ಸಾರಿದ ಹಾಗೆ ಆಗುತ್ತದೆ ಎಂದು ಅಂಜುತ್ತಾಳೆ. ನೀನು ತವರಿಗೆ ಬಂದು ನಮ್ಮ ನಳದ ನೀರು ಕುಡಿದರೆ ಊರಿನ ಬಾಯಿ ಮುಚ್ಚುತ್ತದೆ ಎಂದು ಎಲ್ಲೋ ಅವಳಿಗೆ ಅನಿಸಿದೆ.

ನಿನಗೆ ಬರಬೇಡ ಎನ್ನುವುದು ಎಂಥ ಮಾತು ಎಂದು ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡ. ಅಲ್ಲಿ ದಿನವಿಡೀ ನಿನ್ನ ಗಂಡನ ತಾಯಿ ಮೈಲವ್ವ ಅತ್ತೆಯ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸಿ ನಿನ್ನ ಕೈ ಉರಿಯುತ್ತದೆ. ಕೆಮ್ಮು ಬಂದರೆ ಹೊಟ್ಟೆ ಹಿಡಿದುಕೊಂಡು ಕೂರುತ್ತೇನೆ ಎಂದಿದ್ದೆ. ಅಮಾಸಿ ಎಂದು ಬರುತ್ತದೋ ಎಂದು ಕಾಯುತ್ತಿದ್ದೀ. ನಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಮಲಗಬೇಕು, ಅವ್ವನ ಕೈಯ ಬಿಸಿ ರೊಟ್ಟಿ ತಿನ್ನಬೇಕು ಎಂದು ಫೋನಿನಲ್ಲಿ ಹೇಳುವಾಗ ನಿನ್ನ ದನಿ ಒಡೆದಿತ್ತು. ನಾನೂ ಅದನ್ನೇ ಬಯಸುತ್ತಿದ್ದೆ. ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದೇನೆ, ನಿನಗೆಂದು ಹುರಿದ ಶೇಂಗಾ ತೆಗೆದಿಟ್ಟಿದ್ದೇನೆ. ಹಾಗಿದ್ದೂ ಬರಬೇಡ ಎನ್ನುತ್ತಿದ್ದೇನೆ.

ಒಂದು ದಾರಿ ಇದೆ. ರಾಣೇಬೆನ್ನೂರಿನಲ್ಲಿ ನಮ್ಮ ಹೊಳಿಯವ್ವ ಅತ್ತೆ ಇದ್ದಾಳೆ. ಅವಳು ಅಪ್ಪನ ಬೆನ್ನಿಗೆ ಬಿದ್ದ ತಂಗಿ, ಅವಳ ಮನೆಯೂ ನಿನ್ನ ತವರೇ. ನಿನ್ನ ಮದುವೆಯಲ್ಲಿ ಮಾತು ಬೆಳೆದಾಗಿನಿಂದ ಅವ್ವನಿಗೂ ಅವಳಿಗೂ ಮಾತಿಲ್ಲ, ಅದು ನಿನಗೆ ಗೊತ್ತು. ನಾನು ಟೀಚರ್ ಫೋನಿನಿಂದ ಅತ್ತೆಗೆ ಎಲ್ಲ ಹೇಳಿದೆ. ಅವಳು ಕೊನೆಯ ತನಕ ಕೇಳಿಸಿಕೊಂಡು, “ಕರಕೊಂಡು ಬಾ, ನನ್ನ ಮಗಳಂಗ ನೋಡಿಕೋತೇನಿ, ನಿಮ್ಮವ್ವ ಬೇಕಾದ್ದು ಅನ್ನಲಿ” ಎಂದಳು. ಅವಳ ಮನೆಯಿಂದ ಹೆರಿಗೆ ಆಸ್ಪತ್ರೆಯೂ ಹತ್ತಿರ. ನೀನೇ ಭಾವನಿಗೆ, ಮೈಲವ್ವ ಅತ್ತೆಗೆ ಹೇಳಬೇಕು. ನಾನು ಹೇಳಿದರೆ ಹುಡುಗಿಯ ಮಾತು. ನೀನು ಹಟ ಹಿಡಿದು ಕುಳಿತರೆ ಯಾರೂ ಏಳೆಂದು ನಿನ್ನನ್ನು ಎಳೆದು ತರಲಾರರು.

ಅವ್ವ ಬಂದು ನಿನ್ನ ಎದುರು ಅಳುತ್ತಾಳೆ. ತಂಗಿಯ ತಲೆ ಕೆಟ್ಟಿದೆ, ಅಪ್ಪನ ಮೇಲೆ ತಿರುಗಿ ಬಿದ್ದಿದ್ದಾಳೆ ಎನ್ನುತ್ತಾಳೆ. ನಾನು ಅಪ್ಪನ ಮೇಲೆ ತಿರುಗಿ ಬಿದ್ದಿಲ್ಲ. ಅವನು ಈಗ ಮನೆಯಲ್ಲಿ ಯಾರ ಕೂಡ ಹೆಚ್ಚು ಮಾತಾಡುವುದಿಲ್ಲ. ನೀರು ಬಿಟ್ಟು ಬಂದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾನೆ. ಅವನನ್ನು ನೋಡಿದರೆ ನನಗೆ ಕರುಳು ಕಿತ್ತು ಬರುತ್ತದೆ. ಅದಕ್ಕೆಂದು ನಿನ್ನನ್ನು ಕಳೆದುಕೊಳ್ಳಲು ಆಗುವುದಿಲ್ಲ. ನನ್ನ ಮೇಲೆ ಬೇಕಾದಷ್ಟು ಸಿಟ್ಟು ಮಾಡು, ವರ್ಷಗಟ್ಟಲೆ ಮಾತು ಬಿಡು, ನಿನ್ನ ಕೂಸನ್ನು ನನಗೆ ತೋರಿಸಬೇಡ. ಬರಬೇಡ ಅಷ್ಟೇ.

ಗಂಟೆ ಹೊಡೆಯಿತು. ಹುಡುಗಿಯರು ಒಳಗೆ ಬರುತ್ತಿದ್ದಾರೆ.

ನಿನ್ನ ತಂಗಿ,
ಅಂಜಲಿ

ತಾ.ಕ.: ಬುಧವಾರ, ಬೆಳಿಗ್ಗೆ.

ಅಕ್ಕಾ, ಈ ಪತ್ರ ಅಂಚೆಗೆ ಹೋಗಲಿಲ್ಲ. ಇವತ್ತು ಬೆಳಿಗ್ಗೆ ನನ್ನ ಚೀಲದಲ್ಲಿ ಅಪ್ಪನ ಕಣ್ಣಿಗೆ ಬಿತ್ತು. ಹರಿದು ಹಾಕುತ್ತಾನೆ ಎಂದುಕೊಂಡೆ. ಕಟ್ಟೆಯ ಮೇಲೆ ಕುಳಿತು ಮೊದಲಿನಿಂದ ಕೊನೆಯ ತನಕ ಓದಿದ. ಟ್ಯೂಬು ಸುತ್ತಿದ ಮಾತು ಬರುವಲ್ಲಿ ಬೆರಳಿಟ್ಟುಕೊಂಡು ಆ ಸಾಲನ್ನು ಮತ್ತೊಮ್ಮೆ ಓದಿದ. ಆಮೇಲೆ ನನ್ನನ್ನು ಕರೆದು ಹತ್ತಿರ ಕೂರಿಸಿಕೊಂಡ.

“ಇಷ್ಟು ಬರದರ ನಿಮ್ಮಕ್ಕ ಬರೂದು ನಿಂದರೂದಿಲ್ಲ ಅಂಜಲಿ. ಮೀನಾಕ್ಷಿ ಸುದ್ದಿ ಖರೇ ಬರಿ.”

ನಾನು ಅವ್ವನ ಕಡೆ ನೋಡಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು, ಬೇಡ ಎನ್ನಲಿಲ್ಲ.

ಮೀನಾಕ್ಷಿ ಹೋದಳು ಅಕ್ಕಾ. ಹೋದ ಶುಕ್ರವಾರ, ಹಾವೇರಿಯಿಂದ ಹುಬ್ಬಳ್ಳಿಗೆ ಒಯ್ಯುವಾಗ, ದಾರಿಯಲ್ಲಿ. ಕೂಸೂ ಉಳಿಯಲಿಲ್ಲ. ಆಸ್ಪತ್ರೆಯಲ್ಲಿದ್ದಾಳೆ ಎಂದು ನಾನು ಮೇಲೆ ಬರೆದದ್ದು ಸುಳ್ಳು. ಬಸುರಿಗೆ ಇಂಥ ಸುದ್ದಿ ಮುಟ್ಟಬಾರದು ಎಂದು ಅವ್ವ ಓಣಿಯವರಿಗೆಲ್ಲ ಹೇಳಿ ಇಟ್ಟಿದ್ದಳು, ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ಗಾಡಿ ಹತ್ತುವಾಗ ಅವಳು ನಿನ್ನನ್ನು ಕೇಳಿದ್ದು ಮಾತ್ರ ನಿಜ. ಎದೆ ಗಟ್ಟಿ ಮಾಡಿಕೋ. ಅಳುವುದಾದರೆ ಕುಳಿತುಕೊಂಡು ಅಳು.

ಪತ್ರ ಓದಿ ಎದ್ದು ಹೋದ ಅಪ್ಪ ಇವತ್ತು ನಮ್ಮ ಓಣಿಗೆ ನೀರು ಬಿಡಲಿಲ್ಲ. ವಾಲ್ವು ತಿರುಗಿಸಿ ಮುಚ್ಚಿ, ಕೊಡ ಹಿಡಿದು ಬಂದವರಿಗೆಲ್ಲ, ಇದು ಕುಡಿಯುವ ನೀರಲ್ಲ, ಮೋರಿಯ ಕೆಳಗೆ ಪೈಪು ಒಡೆದಿದೆ, ಟ್ಯೂಬು ಸುತ್ತಿದವನು ನಾನೇ ಎಂದು ಹೇಳಿದ. ಬೈದರು. ಲಕ್ಷ್ಮಪ್ಪ ಬೇರೆಯವರನ್ನು ಕಳಿಸಿ ವಾಲ್ವು ತೆಗೆಸಿದ, ನಾಳೆಯಿಂದ ಬರಬೇಡ ಎಂದೂ ಹೇಳಿದನಂತೆ. ನಾನು ಇದನ್ನು ಬರೆಯುವಾಗ ನಮ್ಮ ನಳದಲ್ಲಿ ನೀರು ಬರುತ್ತಿದೆ. ಹೆಂಗಸರು ಸಾಲಾಗಿ ಕೊಡ ಇಟ್ಟು ಪಾಳಿ ಹಚ್ಚಿದ್ದಾರೆ.

ಅಪ್ಪ ಈ ಪತ್ರವನ್ನು ತಾನೇ ತರುತ್ತಾನೆ. ನಿನ್ನನ್ನು ಬ್ಯಾಡಗಿಯಿಂದ ನೇರ ರಾಣೇಬೆನ್ನೂರಿಗೆ ಒಯ್ದು ತನ್ನ ತಂಗಿಯ ಮನೆಯಲ್ಲಿ ಬಿಡುತ್ತಾನಂತೆ, ಮೈಲವ್ವ ಅತ್ತೆಯ ಕಾಲು ಹಿಡಿದಾದರೂ ಒಪ್ಪಿಸುತ್ತಾನಂತೆ. ನೀನೇ ಹೇಳು, ಪತ್ರ ಯಾಕೆ ಎಂದು ಅವನನ್ನು ಕೇಳಿದೆ. ತನ್ನ ಬಾಯಿಯಿಂದ ಮೀನಾಕ್ಷಿಯ ಹೆಸರು ಹೇಳಲು ಆಗುವುದಿಲ್ಲ ಎಂದ.

ನೀನು ಇದನ್ನು ಓದುತ್ತಿರುವಾಗ ಅವನು ನಿನ್ನ ಮನೆಯ ಬಾಗಿಲಲ್ಲೇ ನಿಂತಿರುತ್ತಾನೆ, ಕರೆಯದೆ ಒಳಗೆ ಬರುವವನಲ್ಲ. ಈಗಲೇ ಏನನ್ನೂ ಕೇಳಬೇಡ. ಬೆಳಗಿನಿಂದ ಅವನ ಬಾಯಿಗೆ ಒಂದು ಹನಿ ಬಿದ್ದಿಲ್ಲ. ಒಳಗೆ ಕರೆದು ಕೂರಿಸಿ ಮೊದಲು ಕುಡಿಯಲು ನೀರು ಕೊಡು.